ಹದಿನೇಳು ಡಿಗ್ರಿಯ ಕೋಣೆ

"ಮೊಣಕಾಲಿನ ಕೆಳಗೆ ತೆಗೀಬೇಕಂತೆ," ಎಂದಳು ಅಕ್ಕ, ಯಾರದೋ ಕಾರಿನ ಟೈರು ಬದಲಿಸುವ ಮಾತಾಡುವವಳ ಹಾಗೆ. "ಗುರುವಾರ ಬೆಳಗ್ಗೆ. ನಿಮ್ಮ ಮಹಡಿಯಿಂದ ಬಂದ ಚಿತ್ರ ಹಾಗೆ ಹೇಳುತ್ತಂತೆ."

ತಂಗಿಯ ಕೈಯಲ್ಲಿದ್ದ ಕಾಫಿ ಫ್ಲಾಸ್ಕು ಕೈಯಲ್ಲೇ ಉಳಿಯಿತು. ವಾರ್ಡಿನಲ್ಲಿ ಬೆಳಗಿನ ಗುಡಿಸುವ ಹೊತ್ತು. ಪಕ್ಕದ ಹಾಸಿಗೆಯ ಅಜ್ಜಿ ಕಿವಿ ನಿಮಿರಿಸಿಕೊಂಡು ಕೇಳುತ್ತಿದ್ದರು.

"ಮೊಣಕಾಲಾ? ಕಪ್ಪಾಗಿರೋದು ಎರಡು ಬೆರಳು ತಾನೇ?"

"ನನ್ನ ಕೇಳ್ತೀಯಾ? ಆ ಲೆಕ್ಕ ಕಟ್ಟಿದವಳು ನೀನು. ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೆ ನಾನು, ನನ್ನ ತಂಗಿ ಮೈಯೊಳಗೆ ಗಾಳಿ ಎಲ್ಲೆಲ್ಲಿ ಹೋಗುತ್ತೆ ಅಂತ ಕಂಪ್ಯೂಟರಲ್ಲೇ ತೋರಿಸ್ತಾಳೆ ಅಂತ. ತೋರಿಸ್ದೆ ಬಿಡು."

ಅಕ್ಕ ಡ್ರೈವಿಂಗ್ ಕಲಿಸುವವಳು. ಇಪ್ಪತ್ತೆರಡು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು, ಕಾಲ ಕೆಳಗೆ ತನ್ನದೇ ಒಂದು ಬ್ರೇಕು ಇಟ್ಟುಕೊಂಡು, ಸಾವಿರಾರು ಜನರ ಜೀವವನ್ನು ಬಲಗಾಲಿನಲ್ಲಿ ಹಿಡಿದಿದ್ದವಳು. ಊಟಕ್ಕೆ ಕೂತರೂ ಆ ಕಾಲು ಸುಮ್ಮನಿರುತ್ತಿರಲಿಲ್ಲ. ಟಿ.ವಿ.ಯಲ್ಲಿ ಯಾರಾದರೂ ಜೋರಾಗಿ ಕಾರು ಓಡಿಸಿದರೆ ಸೋಫಾದ ಕೆಳಗಿನ ನೆಲವನ್ನು ಒತ್ತುತ್ತಿದ್ದಳು. ಅಪ್ಪ ಹೋದ ಮೇಲೆ ತಂಗಿಯನ್ನು ಓದಿಸಿದ್ದು ಆ ಕಾಲು. ಈಗ ಹೊಸ ಬೂಟು ಕಚ್ಚಿದ ಗಾಯ, ಅದರ ಮೇಲೆ ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಎರಡು ಬೆರಳು ಕಪ್ಪಾಗಿ ಶನಿವಾರ ಆಸ್ಪತ್ರೆ ಸೇರಿದ್ದಳು. ಸೋಮವಾರ ತಂಗಿಯೇ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ, ನಾಲ್ಕನೆಯ ಮಹಡಿಯ ಕ್ಯಾಮೆರಾ ಕೋಣೆಯಲ್ಲಿ ಬಿಟ್ಟು, ಟೆಕ್ನಿಶಿಯನ್‌ಗೆ "ನಮ್ಮಕ್ಕ, ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿ ಬಂದಿದ್ದಳು. ಚಿತ್ರ ತೆಗೆದ ಮೇಲೆ ಲೆಕ್ಕ ತಾನಾಗಿ ನಡೆಯುತ್ತದೆ, ವರದಿ ನೇರವಾಗಿ ಸರ್ಜನ್ ಮೇಜಿಗೆ ಹೋಗುತ್ತದೆ. ನಡುವೆ ಯಾರೂ ನೋಡುವುದಿಲ್ಲ. ಯಾರೂ ನೋಡಬೇಕಾಗಿಲ್ಲ ಎಂಬುದೇ ಅದರ ಹೆಗ್ಗಳಿಕೆಯಾಗಿತ್ತು.

"ಅಲ್ಲ, ಒಂದು ಮಾತು ಕೇಳ್ತೀನಿ," ಎಂದಳು ಅಕ್ಕ ಕಾಫಿ ಹೀರುತ್ತ. "ಅದೇನು ಕೋಣೆಯೇ ಅದು? ಹೆಣ ಇಡೋ ಜಾಗದ ಹಾಗೆ ಕೊರೀತಿತ್ತು. ಮುಕ್ಕಾಲು ಗಂಟೆ ಬರಿಗಾಲಲ್ಲಿ ಬೆಂಚಿನ ಮೇಲೆ ಕೂರಿಸಿದ್ರು. ಒಂದು ಸಾಕ್ಸ್ ಆದ್ರೂ ಕೊಡಿ ಅಂದ್ರೆ, ಹಚ್ಚಿದ ಔಷಧಿ ಹೋಗಿಬಿಡುತ್ತೆ, ಮುಟ್ಟಬೇಡಿ ಅಂದ್ಲು ಆ ಶಾಲು ಹೊದ್ದವಳು. ಅವಳಿಗೆ ಶಾಲು, ನನಗೆ ಚಳಿ. ಕೊನೇಲಿ ಕಾಲು ಇದೆಯೋ ಇಲ್ವೋ ಗೊತ್ತಾಗ್ತಿರಲಿಲ್ಲ."

"ಬೆಚ್ಚಗಿನ ಕೋಣೆಯಲ್ಲಿ ಕೂರಿಸ್ಲಿಲ್ವಾ? ಮೊದಲು ಇಪ್ಪತ್ತು ನಿಮಿಷ ಕಂಬಳಿ ಹೊದಿಸಿ?"

"ಯಾವ ಬೆಚ್ಚಗಿನ ಕೋಣೆ?"

ತಂಗಿ ಫ್ಲಾಸ್ಕನ್ನು ಮುಚ್ಚಳ ಹಾಕದೆ ಅಲ್ಲೇ ಇಟ್ಟು ಎದ್ದಳು.

ಲಿಫ್ಟಿನಲ್ಲಿ ಎಂದಿನಂತೆ ಲಿಫ್ಟಣ್ಣ ಸ್ಟೂಲಿನ ಮೇಲೆ ಕೂತಿದ್ದ. ಊರೆಲ್ಲ ನಡೆದು ಕಾಗದ ಹಂಚುತ್ತಿದ್ದ ಪೋಸ್ಟ್‌ಮನ್. ಮೂರು ವರ್ಷದ ಹಿಂದೆ ಎಡಗಾಲು ಮೊಣಕಾಲಿನ ಕೆಳಗೆ ಹೋದ ಮೇಲೆ ಆಸ್ಪತ್ರೆಯವರೇ ಕರುಣೆ ತೋರಿಸಿ ಈ ಸ್ಟೂಲು ಕೊಟ್ಟಿದ್ದರು. ತಂಗಿ ಹತ್ತಿದೊಡನೆ ದಿನವೂ ಕೈ ಮುಗಿಯುತ್ತಿದ್ದ.

"ನಮಸ್ಕಾರ ಚಿತ್ರದಮ್ಮ. ಏನು, ಮುಖ ಹೀಗಿದೆ? ನಾಲ್ಕೇ ತಾನೇ?"

"ನಾಲ್ಕೇ."

"ನಿಮ್ಮ ಚಿತ್ರ ಸರಿಯಾದ ಹೊತ್ತಿಗೆ ಹೇಳ್ದೇ ಇದ್ದಿದ್ರೆ ವಿಷ ಮೇಲೇರಿ ನಾನು ಎಂದೋ ಹೋಗ್ತಿದ್ದೆ," ಎಂದ, ಯಾವಾಗಲೂ ಹೇಳುವಂತೆ. "ಜೀವ ಉಳಿಸಿದವರು ಬೇಜಾರಾಗಿರಬಾರದು."

ನಾಲ್ಕನೆಯ ಮಹಡಿ ಬಂತು. ತಂಗಿ ಅವನ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಅವಳ ಕೆಲಸ ಏನೆಂದು ಕೇಳಿದವರಿಗೆ ಅವಳು ಹೇಳುತ್ತಿದ್ದುದು ಇಷ್ಟು. ದೊಡ್ಡ ರಕ್ತನಾಳದ ತೊಂದರೆ ಎಲ್ಲರಿಗೂ ಕಾಣುತ್ತದೆ. ಆದರೆ ಮಾಂಸ ಬದುಕುವುದು ಕೂದಲೆಳೆಯ ಹತ್ತರಲ್ಲೊಂದು ಪಾಲು ದಪ್ಪವಿರುವ ನಾಳಗಳಿಂದ. ಅಲ್ಲಿ ಕೆಂಪು ಕಣಗಳು ಒಂದರ ಹಿಂದೆ ಒಂದು ತಿಣುಕಿಕೊಂಡು ಹೋಗುತ್ತವೆ. ದಾರಿ ಕವಲೊಡೆದ ಕಡೆ ಅವು ಸಮಪಾಲಾಗಿ ಹಂಚಿಕೊಳ್ಳುವುದಿಲ್ಲ. ರಭಸ ಹೆಚ್ಚಿರುವ ಕವಲಿಗೆ ಹೆಚ್ಚು ಕಣ ನುಗ್ಗುತ್ತವೆ, ನಿಧಾನದ ಕವಲಿಗೆ ಬರೀ ನೀರಿನಂಥ ರಸ ಉಳಿಯುತ್ತದೆ. ಹೋಗುವ ದಾರಿಯುದ್ದಕ್ಕೂ ಆಮ್ಲಜನಕ ಗೋಡೆಯಿಂದ ಹೊರಗೆ ಸೋರುತ್ತದೆ. ನಾಳದಿಂದ ಒಂದು ಕೂದಲೆಳೆಯಷ್ಟು ದೂರ ಸರಿದರೆ ಮುಗಿಯಿತು, ಅಲ್ಲಿಗೆ ಏನೂ ತಲುಪುವುದಿಲ್ಲ. ಕ್ಯಾಮೆರಾ ತೆಗೆದ ಚಿತ್ರದಿಂದ ಈ ಬಲೆಯನ್ನು ಎಳೆಯೆಳೆಯಾಗಿ ಎತ್ತಿ, ಯಾವ ಕವಲಿಗೆ ಎಷ್ಟು ಕಣ, ಯಾವ ಮೂಲೆಗೆ ಎಷ್ಟು ಆಮ್ಲಜನಕ ಎಂದು ಲೆಕ್ಕ ಹಾಕಿ ಬಣ್ಣ ಬಳಿಯುವುದು ಅವಳ ಮಾಡೆಲ್. ಕೆಂಪು ಎಂದರೆ ಬದುಕುವ ಮಾಂಸ. ನೀಲಿ ಎಂದರೆ ಉಳಿಯದು. ಸರ್ಜನ್ ಎರಡರ ನಡುವಿನ ಗೆರೆ ನೋಡಿ ಕತ್ತಿ ಇಡುತ್ತಾರೆ.

ಅಕ್ಕನ ಕಾಲಿನ ನಕ್ಷೆ ತೆರೆದಳು. ಪಾದವೆಲ್ಲ ನೀಲಿ, ಹಿಮ್ಮಡಿ ನೀಲಿ, ಮೀನಖಂಡದ ಅರ್ಧದವರೆಗೂ ನೀಲಿ. ಆಮೇಲೆ ಪುಟದ ಕೆಳಗೆ ಯಾರೂ ಓದದ ಸಣ್ಣ ಅಕ್ಷರದ ಸಾಲು ನೋಡಿದಳು: ಸವರಿದ ತುಂಡುಗಳು, ನೂರಕ್ಕೆ ಅರವತ್ತೊಂದು.

ಅರವತ್ತೊಂದು!

ಸವರಣೆ ಎಂಬುದು ಅವಳೇ ಬರೆದ ಸಣ್ಣ ಪ್ರೋಗ್ರಾಮು. ಚಿತ್ರದಲ್ಲಿ ಕೆಲವು ನಾಳಗಳು ಎಲ್ಲಿಗೂ ಸೇರದೆ ಮೊಂಡಾಗಿ ನಿಲ್ಲುತ್ತವೆ. ಒಳಗೆ ಹೋದ ರಕ್ತ ಎಲ್ಲಾದರೂ ಹೊರಗೆ ಬರಲೇಬೇಕು, ಬಾರದಿದ್ದರೆ ಲೆಕ್ಕ ತಲೆಕೆಳಗಾಗಿ ಕಂಪ್ಯೂಟರು ಕೈ ಎತ್ತುತ್ತದೆ. ಅದಕ್ಕೇ ಮೊಂಡು ತುದಿಗಳನ್ನು ಸವರಿ ಎಸೆಯುವುದು. ಒಂದು ತುದಿ ಹೋದರೆ ಅದರ ಹಿಂದಿನ ತುಂಡು ಮೊಂಡಾಗುತ್ತದೆ, ಅದನ್ನೂ ಎಸೆ. ಅದರ ಹಿಂದಿನದು, ಅದನ್ನೂ ಎಸೆ. ಮೊಂಡು ತುದಿ ಒಂದೂ ಉಳಿಯದ ತನಕ ಎಸೆ. ಹೆಣೆದ ಸ್ವೆಟರಿನ ಎಳೆ ಹಿಡಿದು ಎಳೆದ ಹಾಗೆ. ಮೊದಲ ವರ್ಷ ಪರೀಕ್ಷೆ ಮಾಡಿದಾಗ ನೂರಕ್ಕೆ ನಾಲ್ಕು ಹೋಗಿದ್ದವು, ಅಷ್ಟೇ. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಆಗ ಪರೀಕ್ಷೆಗೆ ಕೊಟ್ಟ ಕಾಲು ಯಾರವು? ವಿಭಾಗದವರದೇ ಒಂಬತ್ತು ಜನರದು. ಕ್ಯಾಂಟೀನಿನಲ್ಲಿ ಬಿಸಿ ಊಟ ಮಾಡಿ, ಮೆಟ್ಟಿಲು ಹತ್ತಿಕೊಂಡು ಬಂದು, ಬೂಟು ಕಳಚಿ ಕ್ಯಾಮೆರಾಗೆ ಒಡ್ಡಿದ ಕಾಲುಗಳು. ಬೆಚ್ಚಗಿನ, ಆರೋಗ್ಯದ, ನಗುತ್ತ ಕಾಲಾಡಿಸುವ ಕಾಲುಗಳು.

ತಂಗಿ ಅಕ್ಕನ ಮೂಲ ಚಿತ್ರವನ್ನು ತೆರೆದಳು, ಸವರುವ ಮೊದಲಿನದನ್ನು. ನಾಳಗಳು ಸತ್ತಿರಲಿಲ್ಲ. ಬಂದು, ನಡುವೆ ಒಂದಿಷ್ಟು ಬಿಟ್ಟುಹೋಗಿ, ಆಚೆ ಮತ್ತೆ ಶುರುವಾಗಿದ್ದವು. ಒಂದಲ್ಲ, ಎರಡಲ್ಲ, ನೂರಾರು. ಚಳಿಗೆ ಚರ್ಮದ ನಾಳ ಬಿಗಿದುಕೊಳ್ಳುತ್ತದೆ. ಬಿಗಿದ ಕಡೆ ರಕ್ತವಿಲ್ಲ, ರಕ್ತವಿಲ್ಲದ್ದು ಕ್ಯಾಮೆರಾಗೆ ಕಾಣದು. ನಡುವೆ ಒಂದು ಚೂರು ಕಾಣದೆ ಹೋದರೆ ಸವರಣೆಗೆ ಎರಡು ಮೊಂಡು ತುದಿ ಸಿಕ್ಕಿದವು. ಆಮೇಲೆ ಅದು ತನ್ನ ಕೆಲಸ ಮಾಡಿತು. ಬದುಕಿದ್ದ ಕಾಲನ್ನು ತುದಿಯಿಂದ ಮೇಲಕ್ಕೆ ತಿನ್ನುತ್ತ ಹೋಯಿತು.

ಅವಳಿಗೆ ಸಿಟ್ಟು ನೆತ್ತಿಗೇರಿತು. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಎತ್ತಲಿಲ್ಲ.

ಕ್ಯಾಮೆರಾ ಕೋಣೆಯ ಎ.ಸಿ. ಹದಿನೇಳರಲ್ಲಿತ್ತು. ಲೇಸರು ಬಿಸಿಯಾದರೆ ನಿಂತುಹೋಗುತ್ತದೆ, ಅದಕ್ಕೆ ಹದಿನೇಳು. ಯಂತ್ರಕ್ಕೆ ಬೇಕಾದ್ದು ಹದಿನೇಳು, ಕಾಲಿಗೆ ಬೇಕಾದ್ದು ಬೇರೆ. ಅದು ಶುರುವಿನಲ್ಲೇ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಪಕ್ಕದಲ್ಲಿ ಒಂದು ಬೆಚ್ಚಗಿನ ಕೋಣೆ ಕಟ್ಟಿಸಿದ್ದರು. ತಂಗಿ ಅದರ ಬಾಗಿಲು ತಳ್ಳಿದಳು. ಅರ್ಧಕ್ಕೆ ತೆರೆದು ನಿಂತಿತು. ಒಳಗೆ ನೆಲದಿಂದ ಸೂರಿನವರೆಗೆ ರಟ್ಟಿನ ಡಬ್ಬಗಳು. ಉದ್ಘಾಟನೆಯ ದಿನ ಹಂಚಿ ಉಳಿದ ಪುಸ್ತಿಕೆಗಳು, ಪ್ರತಿಯೊಂದರ ಮುಖಪುಟದಲ್ಲೂ ವಿಭಾಗದ ಮುಖ್ಯಸ್ಥರ ನಗುಮುಖ. ಮಡಚುವ ಕುರ್ಚಿಗಳು. ಸುತ್ತಿಟ್ಟ ಬ್ಯಾನರು. ಗೋಡೆಯ ಹೀಟರಿನ ಮೇಲೆ ಒಣಗಿದ ಹೂದಾನಿ.

"ಎರಡು ದಿನದ ಮಟ್ಟಿಗೆ ಇಟ್ಕೊಳ್ಳಿ," ಎಂದಿದ್ದರು ಮುಖ್ಯಸ್ಥರು, ಮೂರು ವರ್ಷದ ಹಿಂದೆ. ಅವರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ದೊಡ್ಡವರು ಹೇಳಿದ ಎರಡು ದಿನ ಇನ್ನೂ ಮುಗಿದಿರಲಿಲ್ಲ.

ತಂಗಿಗೆ ಅದೂ ನೆನಪಾಯಿತು. ಆ ಮಾತು ಅವರು ಹೇಳಿದ್ದು ಅವಳಿಗೇ. ಆಗ ಟೆಕ್ನಿಶಿಯನ್ ಇರಲಿಲ್ಲ, ಕ್ಯಾಮೆರಾ ಹಿಡಿಯುತ್ತಿದ್ದವಳು ಅವಳೇ. ಫಾರಮಿನಲ್ಲಿ "ಕಾಲು ಇಪ್ಪತ್ತು ನಿಮಿಷ ಬೆಚ್ಚಗಿತ್ತೇ?" ಎಂಬ ಚೌಕ ಇತ್ತು. ಟಿಕ್ ಹಾಕದಿದ್ದರೆ ಫಾರಮು ಸೇವ್ ಆಗುತ್ತಿರಲಿಲ್ಲ. ಹೇಗೂ ಎರಡು ದಿನ ತಾನೇ ಎಂದು, ಟಿಕ್ ತಾನಾಗಿ ಬೀಳುವಂತೆ ಮಾಡಿದ್ದಳು. ಎರಡು ದಿನದ ನಂತರ ತೆಗೆಯುವುದು ಮರೆತಿದ್ದಳು. ಮರೆತೇ ಹೋಗಿತ್ತು!

ದೊಡ್ಡವರ ಕೋಣೆಗೆ ಅವಳು ಬಾಗಿಲು ತಟ್ಟದೆ ನುಗ್ಗಿದ್ದು ಅದೇ ಮೊದಲು.

ಅವರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಳ್ಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ತಲೆಯಾಡಿಸುತ್ತ, ಕನ್ನಡಕ ಒರೆಸುತ್ತ, ನೀವು ಹೇಳುವುದೆಲ್ಲ ಸರಿ ಎನ್ನುವ ಮುಖ ಮಾಡಿಕೊಂಡು.

"ಕೂತ್ಕೊಳಮ್ಮ ಮೊದಲು. ನೋಡು, ಫಾರಂನಲ್ಲಿ ಟಿಕ್ ಇದೆ. ದಾಖಲೆ ಪ್ರಕಾರ ಕಾಲು ಬೆಚ್ಚಗಿತ್ತು."

"ಆ ಟಿಕ್ ಯಾರೂ ಹಾಕಿದ್ದಲ್ಲ ಸರ್. ತಾನೇ ಬೀಳುತ್ತೆ. ನಾನೇ ಹಾಗೆ ಮಾಡಿದ್ದು."

"ಹಾಗಂತ ಬೇರೆ ಕಡೆ ಹೇಳಬೇಡ," ಎಂದರು ಅವರು ತಕ್ಷಣ. ಆಮೇಲೆ ದನಿ ಮೆತ್ತಗೆ ಮಾಡಿಕೊಂಡರು. "ನಿಮ್ಮಕ್ಕನ ವಿಷಯ, ನನಗೆ ಅರ್ಥ ಆಗುತ್ತೆ. ಭಾವನೆಗೆ ಸಿಕ್ಕಿಹಾಕ್ಕೊಂಡಿದ್ದೀಯ. ಆದ್ರೆ ಈಗ ಒಂದು ಕಾಲನ್ನ ಮತ್ತೆ ಚಿತ್ರ ತೆಗೀತೀವಿ ಅಂದ್ರೆ, ಹಿಂದಿನ ನಲವತ್ತಮೂರು ಜನ? ಅವರದ್ದೂ ಪ್ರಶ್ನೆ ಬರುತ್ತೆ. ಮುಂದಿನ ವಾರ ಪರಿಶೀಲನೆಗೆ ತಂಡ ಬರ್ತಿದೆ. ಅದು ಮುಗೀಲಿ. ನಿಧಾನವಾಗಿ, ವೈಜ್ಞಾನಿಕವಾಗಿ ನೋಡೋಣ."

"ಗುರುವಾರ ಕಾಲು ಕತ್ತರಿಸ್ತಾರೆ ಸರ್! ನಿಧಾನ ಅಂದ್ರೆ ಎಷ್ಟು ನಿಧಾನ? ಕತ್ತರಿಸಿದ ಮೇಲೆ ಬೆಚ್ಚಗೆ ಮಾಡೋಣ್ವಾ?"

"ದನಿ ತಗ್ಗಿಸು."

"ತಗ್ಗಿಸಲ್ಲ. ಮೂರು ವರ್ಷ ತಗ್ಗಿಸಿದ್ದು ಸಾಕು. ರೋಗಿಗಳ ಕಾಲು ಬೆಚ್ಚಗಾಗೋ ಕೋಣೇಲಿ ನಿಮ್ಮ ಮುಖ ಡಬ್ಬದಲ್ಲಿ ತುಂಬಿಟ್ಟಿದ್ದೀವಿ. ಅಷ್ಟೂ ಮುಖ ಬೆಚ್ಚಗಿದೆ ಸರ್. ಕಾಲುಗಳು ಮಾತ್ರ ತಣ್ಣಗಿವೆ."

ದೊಡ್ಡವರು ಕನ್ನಡಕ ಹಾಕಿಕೊಂಡರು. "ಆ ಕೋಣೆಗೆ ನನ್ನ ಅನುಮತಿ ಇಲ್ಲದೆ ಯಾರೂ ಕೈ ಹಾಕಬಾರದು. ಹಾಕಿದ್ರೆ ನಿನ್ನ ಕೆಲಸದ ಬಗ್ಗೆ ಯೋಚನೆ ಮಾಡಬೇಕಾಗುತ್ತೆ."

"ಯೋಚನೆ ಮಾಡಿ," ಎಂದು ಅವಳು ಹೊರಗೆ ಬಂದಳು. ಅವರ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ಎಸೆಯದೆ ಬಂದದ್ದೇ ಹೆಚ್ಚು.

ಡಬ್ಬಗಳು ಒಟ್ಟು ಐವತ್ತೆರಡು. ಮೊದಲನೆಯದನ್ನು ಎತ್ತಿದಾಗಲೇ ಸೊಂಟ ಹಿಡಿಯಿತು. ಪುಸ್ತಿಕೆಯ ಕಾಗದ ದಪ್ಪ, ನುಣುಪು, ಭಾರ. ಟೆಕ್ನಿಶಿಯನ್ ಶಾಲು ಬಿಗಿಮಾಡಿಕೊಂಡು ಬಾಗಿಲಲ್ಲಿ ನಿಂತು "ಮೇಡಂ, ನನಗೆ ಏನೂ ಗೊತ್ತಿಲ್ಲ" ಎಂದು ಎರಡು ಸಲ ಹೇಳಿ, ಮೂರನೆಯ ಸಲ ಹೇಳುವ ಬದಲು ಶಾಲು ತೆಗೆದಿಟ್ಟು ತಾನೂ ಒಂದು ಡಬ್ಬ ಎತ್ತಿದಳು. ಇಬ್ಬರೂ ಲಿಫ್ಟಿನವರೆಗೆ ಎಳೆದು ತಂದರು.

"ಓಹೋ, ಏನಿದು ಮೆರವಣಿಗೆ?" ಎಂದ ಲಿಫ್ಟಣ್ಣ. "ಎಲ್ಲಿಗೆ?"

"ಕೆಳಗೆ. ದೊಡ್ಡವರು ಕಾರು ನಿಲ್ಲಿಸೋ ಜಾಗಕ್ಕೆ."

ಲಿಫ್ಟಣ್ಣ ಒಂದು ಕ್ಷಣ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಲಿಫ್ಟನ್ನು ತಡೆಹಿಡಿದ. ಬೇರೆ ಯಾರೋ ಹತ್ತಲು ಬಂದರೆ "ರಿಪೇರಿ ಇದೆ, ಆ ಕಡೆ ಹೋಗಿ" ಎಂದು ಅಟ್ಟಿದ. ಕೃತಕ ಕಾಲು ಊರಿ ಎದ್ದು ನಿಂತು, ಡಬ್ಬಗಳನ್ನು ಒಂದರ ಮೇಲೊಂದು ಜೋಡಿಸಿಕೊಟ್ಟ. "ದೊಡ್ಡವರೇ, ಸ್ವಲ್ಪ ಸರೀರಿ," ಎಂದು ಮುಖಪುಟದ ಮುಖಕ್ಕೆ ಹೇಳಿದ. ಮೂರು ಸಲ ಕೆಳಗೆ ಹೋಗಿ ಬಂದರು. ನಾಲ್ಕನೆಯ ಸಲ ಹೊರಟಾಗ ಅವನು ಬೆವರು ಒರೆಸಿಕೊಳ್ಳುತ್ತ ಕೇಳಿದ:

"ಅಲ್ಲಮ್ಮ, ಇಷ್ಟು ಅವಸರವಾಗಿ ಆ ಕೋಣೆ ಯಾತಕ್ಕೆ?"

ತಂಗಿಯ ತಲೆಯಲ್ಲಿ ಅಕ್ಕನ ಕಾಲೊಂದೇ ಇತ್ತು. ಯಾರಿಗೆ ಹೇಳುತ್ತಿದ್ದೇನೆ ಎಂಬ ಪ್ರಜ್ಞೆ ಇಲ್ಲದೆ ಒಂದೇ ಉಸಿರಿಗೆ ಹೇಳಿಬಿಟ್ಟಳು. "ಕಾಲು ಬೆಚ್ಚಗೆ ಮಾಡ್ಕೊಂಡು ಚಿತ್ರ ತೆಗೀಬೇಕು ಅಣ್ಣ. ತಣ್ಣಗಿನ ಕಾಲಿನ ಚಿತ್ರ ತೆಗೆದ್ರೆ ಬದುಕಿರೋ ಕಾಲೂ ಸತ್ತ ಹಾಗೆ ಕಾಣುತ್ತೆ. ನಮ್ಮಕ್ಕಂಗೆ ಹಾಗೇ ಆಗಿದೆ. ಸುಳ್ಳು ಚಿತ್ರ ನೋಡಿ ಕತ್ತರಿಸ್ತಾರಂತೆ."

ಲಿಫ್ಟು ಇಳಿಯುತ್ತಿತ್ತು. ಲಿಫ್ಟಣ್ಣ ಆಮೇಲಿನ ಎರಡು ಸಲವೂ ಡಬ್ಬ ಜೋಡಿಸಿಕೊಟ್ಟ, ಗುಂಡಿ ಒತ್ತಿದ, ಬಾಗಿಲು ತೆರೆದ. ತಮಾಷೆ ಮಾಡಲಿಲ್ಲ. ಸುಸ್ತಾಗಿರಬೇಕು ಎಂದುಕೊಂಡಳು ತಂಗಿ.

ಬುಧವಾರ ಬೆಳಗ್ಗೆ ಹತ್ತಕ್ಕೆ ಅಕ್ಕ ಬೆಚ್ಚಗಿನ ಕೋಣೆಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಹೀಟರು ಮೂರು ವರ್ಷದ ಧೂಳು ಸುಡುತ್ತ ವಾಸನೆ ಬಿಟ್ಟು, ಆಮೇಲೆ ಸರಿಯಾಯಿತು.

"ಈಗ ನಿದ್ದೆ ಬರ್ತಿದೆ ಕಣೇ," ಎಂದಳು. "ನಿನ್ನ ಕೆಲಸ ಹೋಗುತ್ತಾ?"

"ಹೋದ್ರೆ ಹೋಗ್ಲಿ."

"ಹೋದ್ರೆ ನಿನಗೆ ಡ್ರೈವಿಂಗ್ ಕಲಿಸ್ತೀನಿ. ಆದ್ರೆ ನೀನು ಕಲಿಯೋಳಲ್ಲ, ಹಿಂದಿನ ಕನ್ನಡಿ ನೋಡೋದೇ ಇಲ್ಲ ನೀನು."

ಇಪ್ಪತ್ತೈದು ನಿಮಿಷದ ಮೇಲೆ ಕಾಲು ಮುಟ್ಟಿ ನೋಡಿದಳು ತಂಗಿ. ಬೆಚ್ಚಗಿತ್ತು. ಕಂಬಳಿ ಹೊದಿಸಿಕೊಂಡೇ ಕ್ಯಾಮೆರಾ ಕೋಣೆಗೆ ತಳ್ಳಿಕೊಂಡು ಹೋಗಿ, ಕೊನೆಯ ಗಳಿಗೆಯಲ್ಲಿ ಕಂಬಳಿ ಸರಿಸಿ, ನಾಲ್ಕು ನಿಮಿಷದಲ್ಲಿ ಚಿತ್ರ ಮುಗಿಸಿದರು. ಲೆಕ್ಕ ಮುಗಿಯುವ ತನಕ ಅವಳು ಪರದೆಯ ಮುಂದೆ ಕೂರಲಿಲ್ಲ, ನಿಂತಿದ್ದಳು. ಸವರಿದ ತುಂಡುಗಳು, ನೂರಕ್ಕೆ ಒಂಬತ್ತು. ಬಿಟ್ಟುಹೋಗಿದ್ದ ಎಳೆಗಳೆಲ್ಲ ಕೂಡಿಕೊಂಡಿದ್ದವು. ಮೀನಖಂಡ ಕೆಂಪು, ಹಿಮ್ಮಡಿ ಕೆಂಪು, ಪಾದ ಕೆಂಪು. ಎರಡು ಬೆರಳು ನೀಲಿ, ಮೂರನೆಯದರ ತುದಿ ಅಷ್ಟಿಷ್ಟು.

ಸರ್ಜನ್ ಹಳೆಯ ನಕ್ಷೆ ಹೊಸ ನಕ್ಷೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ತುಂಬ ಹೊತ್ತು ನೋಡಿದರು. ಮಾತು ಕಡಿಮೆಯ ಮನುಷ್ಯ.

"ಎರಡು ಬೆರಳು ಸಾಕು," ಎಂದರು. "ಮೂರನೇದು ಕಾದು ನೋಡೋಣ." ಕಾಗದ ಮಡಚಿದರು, ಮತ್ತೆ ಬಿಡಿಸಿದರು. "ಹಾಗಾದ್ರೆ ಇಷ್ಟು ದಿನ ನಾನು ಕತ್ತರಿಸಿದ್ದು?"

ತಂಗಿ ಹಳೆಯ ನಕ್ಷೆಯನ್ನು ಮಗುಚಿಟ್ಟಳು.

"ಕೈ ನನ್ನದು, ಮೇಡಂ," ಎಂದರು ಅವರು. "ಗೆರೆ ಎಳೆದುಕೊಟ್ಟಿದ್ದು ನೀವು." ಕೂಗಲಿಲ್ಲ. ಕೂಗಿದ್ದರೆ ಅವಳೂ ಕೂಗಬಹುದಿತ್ತು.

ಗುರುವಾರ ಮಧ್ಯಾಹ್ನ ಅಕ್ಕನನ್ನು ಟ್ರಾಲಿಯ ಮೇಲೆ ವಾರ್ಡಿಗೆ ಕರೆತಂದರು. ಅರಿವಳಿಕೆಯ ಮಂಪರಿನಲ್ಲೇ ಇದ್ದಳು. ಆಯಾ ತಿರುವಿನಲ್ಲಿ ಟ್ರಾಲಿಯನ್ನು ಸ್ವಲ್ಪ ಜೋರಾಗಿ ತಳ್ಳಿದಳು. ಬಿಳಿ ಬಟ್ಟೆಯ ಕೆಳಗೆ ಬ್ಯಾಂಡೇಜು ಸುತ್ತಿದ ಬಲಗಾಲು ಸರಕ್ಕನೆ ಮುಂದಕ್ಕೆ ಚಾಚಿ ಬ್ರೇಕು ಒತ್ತಿತು. "ಅಯ್ಯೋ, ನೋವು!" ಎಂದು ಕಿರುಚಿ, ಕಣ್ಣು ಬಿಟ್ಟು, "ಯಾರಮ್ಮ ನಿನಗೆ ಲೈಸೆನ್ಸ್ ಕೊಟ್ಟಿದ್ದು?" ಎಂದು ಆಯಾಳನ್ನು ಗದರಿಸಿ ಮತ್ತೆ ನಿದ್ದೆ ಹೋದಳು. ತಂಗಿ ಗೋಡೆಗೆ ಒರಗಿ ನಕ್ಕಳು. ನಗುತ್ತ ನಗುತ್ತ ಅತ್ತಳು. ಅಕ್ಕನ ಕಾಲು ಅಕ್ಕನ ಹತ್ತಿರವೇ ಇತ್ತು.

ಸಂಜೆ ಕಡತಗಳನ್ನು ತೆರೆದಳು. ತೆರೆಯಬಾರದು ಎಂದು ದೊಡ್ಡವರ ಪತ್ರ ಮೇಜಿನ ಮೇಲಿತ್ತು. ಅದನ್ನೇ ಮಡಚಿ ಕಾಫಿ ಲೋಟದ ಕೆಳಗಿಟ್ಟಳು. ನಲವತ್ತಮೂರು ಜನರಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದ್ದು ಹತ್ತೊಂಬತ್ತು. ಒಂದೊಂದನ್ನೂ ತೆಗೆದು ಕೆಳಗಿನ ಸಾಲು ನೋಡಿದಳು. ಐವತ್ತೆಂಟು. ಐವತ್ತು. ಸಿಟ್ಟು ಬಂದದ್ದು ದೊಡ್ಡವರ ಮೇಲೆ, ಎ.ಸಿ.ಯ ಮೇಲೆ, ಟಿಕ್ಕಿನ ಮೇಲೆ. ಮೂರನೆಯ ಕಡತ ತೆರೆಯುವವರೆಗೆ.

ಮೂರನೆಯ ಕಡತ ಸವರಣೆ ಪ್ರೋಗ್ರಾಮು ಬರುವುದಕ್ಕೂ ಮೊದಲಿನದು. ಆಗ ಅವಳು ಮೊಂಡು ತುದಿಗಳನ್ನು ಕೈಯಿಂದಲೇ ಒಂದೊಂದಾಗಿ ಅಳಿಸುತ್ತಿದ್ದಳು. ಎರಡು ದಿನ ಕೂತು ಅಳಿಸಿದ್ದಳು. ಟಿಪ್ಪಣಿಯ ಜಾಗದಲ್ಲಿ ಬರೆದಿದ್ದಳು: "ಕಸ ಜಾಸ್ತಿ ಇದೆ. ಎಲ್ಲ ತೆಗೆದೆ." ರೋಗಿ ಪೋಸ್ಟ್‌ಮನ್. ಎಡಗಾಲು.

ಕಸ!

ಆ ಕಾಲು ಉಳಿಯುತ್ತಿತ್ತೇ? ಹೇಳಲಾಗದು. ಅಕ್ಕನ ಕಾಲನ್ನು ಮತ್ತೆ ಬೆಚ್ಚಗೆ ಮಾಡಬಹುದಿತ್ತು, ಮಾಡಿದರು. ಆ ಕಾಲನ್ನು ಆಸ್ಪತ್ರೆಯ ಕುಲುಮೆಯಲ್ಲಿ ಸುಟ್ಟು ಮೂರು ವರ್ಷವಾಗಿತ್ತು. ಪರಿಶೀಲನೆಯ ತಂಡ ಕೇಳಿದರೆ ದೊಡ್ಡವರು ಇದನ್ನೇ ಹೇಳುತ್ತಾರೆ, ಸಾಬೀತು ಮಾಡಲಾಗದು ಎಂದು. ಕನ್ನಡಕ ಒರೆಸುತ್ತ ಹೇಳುತ್ತಾರೆ. ಅದು ನಿಜವೂ ಹೌದು ಎಂಬುದಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು.

ಹತ್ತೊಂಬತ್ತು ಹೆಸರಿನ ಪಟ್ಟಿಯ ಎರಡು ಪ್ರತಿ ತೆಗೆದಳು. ಒಂದನ್ನು ನೆಲಮಹಡಿಯಲ್ಲಿದ್ದ ಸರ್ಜನ್ ಕೈಗೆ ಕೊಟ್ಟಳು. ಇನ್ನೊಂದನ್ನು ಹಿಡಿದು ವಾಪಸು ಲಿಫ್ಟಿನ ಮುಂದೆ ಬಂದು ನಿಂತಳು. ಬಾಗಿಲು ತೆರೆಯಿತು. ಲಿಫ್ಟಣ್ಣ ಸ್ಟೂಲಿನ ಮೇಲೆ ಕೂತಿದ್ದ. ಕೈ ಮುಗಿಯಲಿಲ್ಲ. ಎಷ್ಟನೆಯ ಮಹಡಿ ಎಂದು ಕೇಳಲಿಲ್ಲ. ಅವಳು ಒಳಗೆ ಬಂದಳು.

"ಅಕ್ಕನ ಕಾಲು ಉಳೀತಾ?" ಎಂದ.

"ಉಳೀತು ಅಣ್ಣ."

"ಒಳ್ಳೇದಾಯ್ತು."

"ಅಣ್ಣ, ನಿಮ್ಮ ಹತ್ತಿರ ಒಂದು ಮಾತು... ನಿಮ್ಮ ಕಾಲು..."

"ಗೊತ್ತು," ಎಂದ ಅವನು. "ಮಂಗಳವಾರದಿಂದ ಗೊತ್ತು. ಡಬ್ಬ ಇಳಿಸುವಾಗಲೇ ಗೊತ್ತಾಯ್ತು. ನೀವಾಗಿ ಬಂದು ಹೇಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ."

ಅವನು ಅವಳನ್ನು ನೋಡದೆ, ಎದುರಿನ ಗುಂಡಿಗಳನ್ನು ನೋಡುತ್ತ ಮಾತಾಡಿದ.

"ಅವತ್ತು ಆ ಕೋಣೇಲಿ ಇದ್ದಿದ್ದು ನೀವೇ. ತುಂಬಾ ಚಳಿ ಆಗ್ತಿದೆಯಮ್ಮ, ಕಾಲು ಮರಗಟ್ತಿದೆ ಅಂದೆ ನಾನು. ನೀವು ಏನಂದ್ರಿ ನೆನಪಿದೆಯಾ?"

ಅವಳಿಗೆ ನೆನಪಿತ್ತು. ಆ ಗಳಿಗೆಯವರೆಗೆ ನೆನಪಿರಲಿಲ್ಲ, ಅವನು ಕೇಳಿದೊಡನೆ ಆ ಕೋಣೆ, ಆ ಬೆಂಚು, ತಾನು ಹಾಕಿಕೊಂಡಿದ್ದ ಉಣ್ಣೆಯ ಸ್ವೆಟರು, ಎಲ್ಲ ನೆನಪಾಯಿತು.

"ಎರಡೇ ನಿಮಿಷ, ಅಲ್ಲಾಡ್ಬೇಡಿ ಅಂದೆ," ಎಂದಳು.

"ಹೂಂ. ನಾನು ಅಲ್ಲಾಡ್ಲಿಲ್ಲ." ಅವನು ಕೃತಕ ಕಾಲನ್ನು ಸ್ಟೂಲಿನ ಕೆಳಗೆ ಸರಿಸಿಕೊಂಡ. "ಮೂರು ವರ್ಷ, ದಿನಾ ಎರಡು ಸಲ, ನಿಮಗೆ ಕೈ ಮುಗ್ದಿದ್ದೀನಿ. ಜೀವ ಉಳಿಸಿದ್ರಿ ಅಂತ ಮಕ್ಕಳಿಗೆ ಹೇಳಿದ್ದೀನಿ."

"ಅಣ್ಣ, ಉಳೀತಿತ್ತೋ ಇಲ್ವೋ ಅಂತ ಖಚಿತವಾಗಿ..."

"ಆ ಮಾತು ಬೇಡ," ಎಂದ. ಈಗ ಅವಳ ಮುಖ ನೋಡಿದ. "ಅದು ಅವರು ಹೇಳೋ ಮಾತು. ನೀವು ಹೇಳ್ಬೇಡಿ."

ಬಾಗಿಲು ಮುಚ್ಚತೊಡಗಿತ್ತು. ಅವನು ಕೈ ಚಾಚಿ ಗುಂಡಿ ಒತ್ತಿ ಮತ್ತೆ ತೆರೆದ.

"ಇಳೀರಿ," ಎಂದ. "ಮೆಟ್ಟಿಲು ಹತ್ಕೊಂಡು ಹೋಗಿ. ಎರಡು ಕಾಲಿದೆಯಲ್ಲ ನಿಮಗೆ."

ತಂಗಿ ಇಳಿದಳು. ಹಿಂದೆ ಬಾಗಿಲು ಮುಚ್ಚಿಕೊಂಡು ಲಿಫ್ಟು ಅವನೊಬ್ಬನನ್ನೇ ಹೊತ್ತು ಮೇಲಕ್ಕೆ ಹೋಯಿತು. ಅವಳು ಮೆಟ್ಟಿಲ ಕಡೆ ನಡೆದಳು. ಕೈಯಲ್ಲಿದ್ದ ಪಟ್ಟಿಯಲ್ಲಿ ಇನ್ನೂ ಹದಿನೆಂಟು ಹೆಸರುಗಳಿದ್ದವು, ಅವರ ಮನೆ ವಿಳಾಸಗಳೂ ಇದ್ದವು.